ಡಿಸ್ಚಾರ್ಜ್ ಆಯಿತು, ಇನ್ನು ರಜೆ ಹಾಕಿ

ಊರಿನಿಂದ ನಮಗೆ ಬರುವ ಫೋನ್‌ಗಳಲ್ಲಿ ಎರಡು ಬಗೆ. ಒಂದು ಅಪರಾತ್ರಿ ಬರುವಂಥದ್ದು: "ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ." ಅದು ಬಂದ ಕೂಡಲೇ ನಾವು ಮ್ಯಾನೇಜರನ ಬಾಗಿಲು ತಟ್ಟುತ್ತೇವೆ, ಟಿಕೆಟ್ ದರ ನೋಡುತ್ತೇವೆ, ಪಕ್ಕದ ರೂಮಿನವನ ಹತ್ತಿರ ಸಾಲ ಕೇಳುತ್ತೇವೆ. ಇನ್ನೊಂದು ವಾರವೋ ಹತ್ತು ದಿನವೋ ಕಳೆದು ಬರುವಂಥದ್ದು: "ಡಿಸ್ಚಾರ್ಜ್ ಆಯಿತು, ಮನೆಗೆ ಕರೆದುಕೊಂಡು ಬಂದೆವು, ಇನ್ನು ಭಯವಿಲ್ಲ." ಅದನ್ನು ಕೇಳಿ ದೇವರಿಗೊಂದು ಕೈ ಮುಗಿದು ಡ್ಯೂಟಿಗೆ ಹೊರಡುತ್ತೇವೆ.

ಈ ವರ್ಷದ ಅಂಕಣ ಆ ಎರಡನೆಯ ಫೋನಿನ ಬಗ್ಗೆ. ಏಕೆಂದರೆ ಅದಾದ ಮೂರು ವಾರಕ್ಕೆ ಮೂರನೆಯದೊಂದು ಫೋನ್ ಬರುತ್ತದೆ, ಅದಕ್ಕೆ ಏನು ಉತ್ತರ ಕೊಡಬೇಕೆಂದು ನಮಗೆ ತಿಳಿಯುವುದಿಲ್ಲ. "ಜ್ವರ ಇಲ್ಲ, ರಿಪೋರ್ಟ್ ಎಲ್ಲ ನಾರ್ಮಲ್. ಆದರೆ ಅಪ್ಪ ಮೊದಲಿನ ಹಾಗಿಲ್ಲ." ಪೇಟೆಗೆ ನಡೆದುಕೊಂಡು ಹೋಗಿ ಪೇಪರ್ ತರುತ್ತಿದ್ದವರು ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಾರೆ. ಸೊಸೈಟಿಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದವರು ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಮೂರು ಸಲ ಕೇಳುತ್ತಾರೆ. ಬಂದ ರೋಗ ವಾಸಿಯಾಗಿದೆ, ಆದರೆ ಮನುಷ್ಯ ಕುಗ್ಗಿದ್ದಾರೆ. ವಯಸ್ಸಾಯಿತಲ್ಲ ಎಂದು ಎಲ್ಲರೂ ಒಪ್ಪಿಕೊಂಡುಬಿಡುತ್ತಾರೆ. ಆ ಒಪ್ಪಿಗೆಯ ಬಗ್ಗೆ ನನ್ನ ತಕರಾರಿದೆ. ಒಂದು ತಿಂಗಳ ಹಿಂದೆ ಇಲ್ಲದ ವಯಸ್ಸು ಹತ್ತೇ ದಿನದಲ್ಲಿ ಎಲ್ಲಿಂದ ಬಂತು?

ಇದಕ್ಕೆ ಉತ್ತರ ಹುಡುಕಲು ಈ ಸಲ ನಿಮ್ಮನ್ನು ಊರಿಗಿಂತ ದೂರ, ಅಮೆರಿಕದ ಟೆಕ್ಸಸ್‌ಗೆ ಕರೆದುಕೊಂಡು ಹೋಗುತ್ತೇನೆ. ದುಬೈ ಓದುಗರಿಗೆ ಟೆಕ್ಸಸ್ ಏಕೆ ಎನ್ನಬೇಡಿ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಈಗ ಲೆಕ್ಕ ಹೀಗಿದೆ: ಅಣ್ಣ ದಮ್ಮಾಮಿನಲ್ಲಿ ಅಥವಾ ಶಾರ್ಜಾದಲ್ಲಿ, ತಂಗಿ ಅಳಿಯನ ಜೊತೆ ಹ್ಯೂಸ್ಟನ್‌ನಲ್ಲಿ, ಅಪ್ಪ ಅಮ್ಮ ಉಡುಪಿ ಕುಂದಾಪುರದ ನಡುವೆ ಎಲ್ಲೋ ಒಂದು ಮನೆಯಲ್ಲಿ. ಮಗಳ ಹೆರಿಗೆಗೆಂದೋ ಮೊಮ್ಮಗುವನ್ನು ನೋಡಲೆಂದೋ ಆ ಹಿರಿಯರು ಆರು ತಿಂಗಳ ವಿಸಿಟರ್ ವೀಸಾದಲ್ಲಿ ಹೋಗುತ್ತಾರೆ. ಹೋಗುವ ದಾರಿಯಲ್ಲಿ ಹೆಚ್ಚಿನವರು ದುಬೈಯಲ್ಲೋ ದೋಹಾದಲ್ಲೋ ವಿಮಾನ ಬದಲಿಸುತ್ತಾರೆ. ನಮ್ಮ ತಲೆಯ ಮೇಲಿಂದಲೇ ಹಾರಿ ಹೋಗುತ್ತಾರೆ ಎನ್ನಿ.

ಹ್ಯೂಸ್ಟನ್‌ನ ನೈರುತ್ಯಕ್ಕಿರುವ ಊರು ಶುಗರ್ ಲ್ಯಾಂಡ್. ನಮಗೆ ಸಕ್ಕರೆ ನಾಡು ಎಂದರೆ ಮಂಡ್ಯ; ಟೆಕ್ಸಸ್‌ನವರಿಗೆ ಅದು ಶುಗರ್ ಲ್ಯಾಂಡ್. ಕಬ್ಬಿನ ತೋಟಗಳಿದ್ದ ಜಾಗದಲ್ಲಿ ಇಂಪೀರಿಯಲ್ ಶುಗರ್ ಕಂಪನಿಯ ಕಾರ್ಖಾನೆ ಬೆಳೆಯಿತು, ಊರಿಗೂ ಆ ಹೆಸರೇ ನಿಂತಿತು. ಕಾರ್ಖಾನೆ 2003ರಲ್ಲಿ ಮುಚ್ಚಿದೆ. ಈಗ ಅಲ್ಲಿ ಭಾರತೀಯರು ಬಹಳ. ಪುತ್ತಿಗೆ ಮಠದವರ ಶ್ರೀಕೃಷ್ಣ ವೃಂದಾವನವೂ ಅದೇ ಪರಿಸರದಲ್ಲಿದೆ, ಹಾಗಾಗಿ ಉಡುಪಿ ಕಡೆಯ ಹಿರಿಯರಿಗೆ ವಾರಕ್ಕೊಮ್ಮೆಯಾದರೂ ಮನಸ್ಸಿಗೆ ನೆಮ್ಮದಿ. ಉಳಿದ ದಿನ ಮಗಳು ಅಳಿಯ ಕೆಲಸಕ್ಕೆ ಹೋದ ಮೇಲೆ ದೊಡ್ಡ ಮನೆ, ಸ್ವಚ್ಛ ರಸ್ತೆ, ಮಾತಾಡಲು ಜನವಿಲ್ಲ.

ಇಂಥ ಹಿರಿಯರೊಬ್ಬರಿಗೆ ಅಲ್ಲಿ ನ್ಯುಮೋನಿಯಾ ಆಯಿತು ಎಂದಿಟ್ಟುಕೊಳ್ಳಿ. ಆಸ್ಪತ್ರೆಗೇನೂ ಕೊರತೆಯಿಲ್ಲ. ಶುಗರ್ ಲ್ಯಾಂಡ್‌ನಲ್ಲೇ ದೊಡ್ಡ ಆಸ್ಪತ್ರೆಗಳಿವೆ, ಇನ್ನೂ ಬೇಕಾದರೆ ಹ್ಯೂಸ್ಟನ್ ನಗರದೊಳಗೆ ಜಗತ್ತಿನಲ್ಲೇ ಅತಿ ದೊಡ್ಡದೆನಿಸಿಕೊಂಡ ಟೆಕ್ಸಸ್ ಮೆಡಿಕಲ್ ಸೆಂಟರ್ ಇದೆ. ಔಷಧಿ ಸರಿಯಾಗಿ ಬೀಳುತ್ತದೆ, ನಾಲ್ಕು ದಿನದಲ್ಲಿ ಜ್ವರ ಇಳಿಯುತ್ತದೆ. ಆದರೆ ಕೈಗೆ ಬೀಳುವ ಅಪಾಯವಿರುವ ರೋಗಿ ಎಂಬ ಪಟ್ಟಿ, ಕಾಲಿಗೆ ಹಳದಿ ಕಾಲುಚೀಲ, ಎದ್ದರೆ ಕಿರುಚುವ ಅಲಾರಂ ಇರುವ ಮಂಚ. ಮೂತ್ರಕ್ಕೆ ನಳಿಗೆ, ಕೈಗೆ ಡ್ರಿಪ್. ಎದ್ದು ಕೂತರೆ ನರ್ಸ್ ಓಡಿ ಬಂದು ಮಲಗಿಸುತ್ತಾಳೆ. ಅವಳ ತಪ್ಪಲ್ಲ. 2008ರಿಂದ ಅಮೆರಿಕದ ಮೆಡಿಕೇರ್ ವ್ಯವಸ್ಥೆ, ಆಸ್ಪತ್ರೆಯಲ್ಲಿ ಬಿದ್ದು ಆದ ಗಾಯದ ಹೆಚ್ಚುವರಿ ಖರ್ಚನ್ನು ಆಸ್ಪತ್ರೆಗೆ ಕೊಡುವುದಿಲ್ಲ. ರೋಗಿ ಬಿದ್ದರೆ ಅದು ಆಸ್ಪತ್ರೆಯ ಲೆಕ್ಕಕ್ಕೆ; ಮಲಗಿ ಸೊರಗಿದರೆ ಯಾರ ಲೆಕ್ಕಕ್ಕೂ ಇಲ್ಲ. ಅಲಬಾಮಾ ರಾಜ್ಯದ ಆಸ್ಪತ್ರೆಯೊಂದರಲ್ಲಿ, ನಡೆಯಬಲ್ಲವರೇ ಆಗಿದ್ದ 45 ಮಂದಿ ಹಿರಿಯ ಮಾಜಿ ಸೈನಿಕರ ಕಾಲಿಗೆ ಸಣ್ಣ ಯಂತ್ರ ಕಟ್ಟಿ ಅಳೆದರು. 2009ರಲ್ಲಿ ಪ್ರಕಟವಾದ ಲೆಕ್ಕ ಇದು: ಸಮಯದ ಶೇ. 83 ಭಾಗ ಅವರು ಹಾಸಿಗೆಯಲ್ಲಿ ಮಲಗಿದ್ದರು. ನಿಂತದ್ದು ನಡೆದದ್ದು ಎಲ್ಲ ಸೇರಿ ದಿನಕ್ಕೆ 43 ನಿಮಿಷ.

ಮಲಗಿದರೆ ಏನಾಗುತ್ತದೆ? ಇದನ್ನು ಜಗತ್ತಿಗೆ ಅಳೆದು ತೋರಿಸಿದ್ದೂ ಟೆಕ್ಸಸ್ ರಾಜ್ಯವೇ. 1966ರಲ್ಲಿ ಡಲ್ಲಾಸ್ ನಗರದ ವೈದ್ಯಕೀಯ ಕಾಲೇಜಿನಲ್ಲಿ 20 ವರ್ಷದ ಆಸುಪಾಸಿನ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಅವರಲ್ಲಿ ಇಬ್ಬರು ಕ್ರೀಡಾಪಟುಗಳು. ರೋಗವಿಲ್ಲ, ಔಷಧಿಯಿಲ್ಲ, ಬರೀ ಮಲಗುವುದು. ಹೃದಯಾಘಾತವಾದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದ ಕಾಲ ಅದು. ಶರೀರ ದುಡಿಯುವಾಗ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದು ದೇಹಶಕ್ತಿಯ ಅಳತೆ. ಆ ಐವರ ಸರಾಸರಿ ಮೊದಲು 3.3 ಲೀಟರ್ ಇದ್ದದ್ದು ಮೂರು ವಾರದ ಬಳಿಕ ಸುಮಾರು 2.4 ಲೀಟರಿಗೆ ಇಳಿಯಿತು. ಕಾಲು ಭಾಗಕ್ಕಿಂತ ಹೆಚ್ಚು ಹೋಯಿತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 30 ವರ್ಷ ಕಳೆದು ಅದೇ ಐವರನ್ನು ಹುಡುಕಿ ಮತ್ತೆ ಅಳೆದರು. ಆಗ ಅವರಿಗೆ 50 ದಾಟಿತ್ತು, ತೂಕ ಏರಿತ್ತು, ಹೊಟ್ಟೆ ಬಂದಿತ್ತು. ಆದರೂ ಸರಾಸರಿ 2.9 ಲೀಟರ್ ಇತ್ತು! ಮೂವತ್ತು ವರ್ಷದ ವಯಸ್ಸು ಮಾಡಿದ ಹಾನಿಗಿಂತ ಮೂರು ವಾರದ ಹಾಸಿಗೆ ಮಾಡಿದ ಹಾನಿ ಹೆಚ್ಚು. 2001ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದ ಮೇಲೆ "ವಯಸ್ಸಾಯಿತಲ್ಲ" ಎಂಬ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಅದೇ ಅಧ್ಯಯನದ ಇನ್ನೊಂದು ಭಾಗವನ್ನೂ ಹೇಳಬೇಕು. ಆ ಐವತ್ತರ ಗಂಡಸರಿಗೆ ಆರು ತಿಂಗಳು ನಿಧಾನಕ್ಕೆ ನಡಿಗೆ, ಸೈಕಲ್ ಇತ್ಯಾದಿ ಅಭ್ಯಾಸ ಮಾಡಿಸಿದಾಗ ಮೂವತ್ತು ವರ್ಷದಲ್ಲಿ ಕಳೆದುಕೊಂಡ ಶಕ್ತಿ ಮರಳಿ ಬಂತು. ಹೋದದ್ದು ಹೋಯಿತು ಎಂದು ಕೈಕಟ್ಟಿ ಕೂರಬೇಕಾಗಿಲ್ಲ ಎಂಬುದಕ್ಕೂ ಡಲ್ಲಾಸ್‌ನ ಆ ಐವರೇ ಸಾಕ್ಷಿ.

ಬಾಹ್ಯಾಕಾಶ ಯಾನಿಗಳ ಕೇಂದ್ರ ಹ್ಯೂಸ್ಟನ್‌ನಲ್ಲೇ ಇದೆ. ಭಾರವಿಲ್ಲದ ಕಡೆ ಶರೀರಕ್ಕೆ ಏನಾಗುತ್ತದೆ ಎಂದು ತಿಳಿಯಲು ನಾಸಾದವರು ಹತ್ತಿರದ ಗ್ಯಾಲ್ವೆಸ್ಟನ್ ಎಂಬ ಕಡಲ ಊರಿನ ಆಸ್ಪತ್ರೆಯಲ್ಲಿ ಆರೋಗ್ಯವಂತರನ್ನು ತಲೆ 6 ಡಿಗ್ರಿ ಕೆಳಗಿರುವಂತೆ 60 ದಿನ, 90 ದಿನ ಮಲಗಿಸಿ ನೋಡಿದರು. ಅಂದರೆ ನಾಸಾದವರ ಲೆಕ್ಕದಲ್ಲಿ ಹಾಸಿಗೆ ಹಿಡಿದವನೂ ಆಕಾಶಕ್ಕೆ ಹೋದವನೂ ಒಂದೇ ಜಾತಿ. ಇಬ್ಬರಿಗೂ ಕಾಲಿನ ಸ್ನಾಯು ಕರಗುತ್ತದೆ, ಮೂಳೆ ಸವೆಯುತ್ತದೆ, ರಕ್ತದ ನೀರಿನ ಅಂಶ ಇಳಿಯುತ್ತದೆ, ಎದ್ದು ನಿಂತರೆ ತಲೆ ಸುತ್ತುತ್ತದೆ. ಬಾಹ್ಯಾಕಾಶದಿಂದ ಇಳಿದು ಬಂದ ಯಾನಿಗೆ ನಾಸಾ ತರಬೇತುದಾರರನ್ನು ಇಟ್ಟು ದಿನಕ್ಕೆ 2 ಗಂಟೆಯಂತೆ 45 ದಿನ ವ್ಯಾಯಾಮ ಮಾಡಿಸಿ ಶರೀರವನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಐಸಿಯುನಿಂದ ಇಳಿದು ಬಂದ ನಮ್ಮ ಅಪ್ಪನಿಗೆ ಸಿಗುವುದು ಒಂದು ಡಿಸ್ಚಾರ್ಜ್ ಸಮ್ಮರಿ, ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರೆ, "ಚೆನ್ನಾಗಿ ರೆಸ್ಟ್ ಮಾಡಿ" ಎಂಬ ಮಾತು.

ಇಪ್ಪತ್ತರ ಹುಡುಗರಿಗೆ ಮೂರು ವಾರ ಬೇಕಾದದ್ದು ಹಿರಿಯರಿಗೆ ಅಷ್ಟು ಬೇಡ. ಸುಮಾರು 67 ವರ್ಷದ ಆರೋಗ್ಯವಂತರನ್ನು ಬರೀ 10 ದಿನ ಮಲಗಿಸಿದ ಅಧ್ಯಯನವೊಂದು 2007ರಲ್ಲಿ ಬಂತು. ಹತ್ತು ದಿನದಲ್ಲಿ ಅವರ ಕಾಲುಗಳಿಂದ ಹೆಚ್ಚುಕಡಿಮೆ 1 ಕಿಲೋದಷ್ಟು ಮಾಂಸಖಂಡ ಹೋಗಿತ್ತು. ಅವರಿಗೆ ರೋಗವೂ ಇರಲಿಲ್ಲ, ಊಟವೂ ಸರಿಯಾಗಿ ಸಿಗುತ್ತಿತ್ತು. ರೋಗ, ಜ್ವರ, ಉಪವಾಸ ಸೇರಿದರೆ ಊಹಿಸಿಕೊಳ್ಳಿ. 70 ದಾಟಿ ಆಸ್ಪತ್ರೆ ಸೇರಿದವರಲ್ಲಿ ಮೂವರಲ್ಲಿ ಒಬ್ಬರು ಸ್ನಾನ, ಬಟ್ಟೆ, ಶೌಚ, ಓಡಾಟ ಇವುಗಳಲ್ಲಿ ಸೇರುವ ಮೊದಲು ತಾವೇ ಮಾಡುತ್ತಿದ್ದ ಒಂದಾದರೂ ಕೆಲಸವನ್ನು ಕಳೆದುಕೊಂಡು ಹೊರಗೆ ಬರುತ್ತಾರೆ ಎಂಬುದು ಅಮೆರಿಕದ ವೈದ್ಯರು ಈಗ ಒಪ್ಪುವ ಲೆಕ್ಕ. ಇದು ಹೊಸ ಎಚ್ಚರಿಕೆಯೇನಲ್ಲ. 1947ರಲ್ಲೇ ರಿಚರ್ಡ್ ಆಶರ್ ಎಂಬ ಇಂಗ್ಲಿಷ್ ವೈದ್ಯ ಹಾಸಿಗೆ ಹಿಡಿಯುವುದರ ಅಪಾಯಗಳ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದ.

ಆದರೆ ನಮ್ಮ ಕಡೆ ಮಲಗಿಸುವುದೇ ಪ್ರೀತಿ. "ನೀವು ಏಳಬೇಡಿ, ನಾನಿದ್ದೇನಲ್ಲ" ಎನ್ನುವ ಸೊಸೆಯೇ ಒಳ್ಳೆಯ ಸೊಸೆ. ಲೋಟ ನೀರು ತಾನೇ ತರಲು ಎದ್ದ ಅತ್ತೆಯನ್ನು ಬೈದು ಕೂರಿಸುವುದು ಕಾಳಜಿ. ಒಂದು ತಿಂಗಳು ಗಂಜಿ, ಉಪ್ಪಿನಕಾಯಿ, ಹಾಸಿಗೆ. ಇದರಲ್ಲಿ ಪ್ರೀತಿ ಇಲ್ಲವೆಂದಲ್ಲ, ಬಹಳ ಇದೆ. ಕಾಲಿಗೆ ಬೇಕಾದದ್ದು ಮಾತ್ರ ಇಲ್ಲ.

ಇನ್ನು ತಲೆಯ ವಿಷಯ. ಇಲ್ಲಿ ನಮ್ಮ ಹಿರಿಯರ ಭಾಷೆ ನಮಗಿಂತ ಜಾಣ. ಅವರಿಗೆ ಎರಡು ಬೇರೆ ಬೇರೆ ಮಾತು ಗೊತ್ತಿದ್ದವು: ಸನ್ನಿ ಒಂದು, ಅರಳುಮರಳು ಇನ್ನೊಂದು. ಸನ್ನಿ ಎಂದರೆ ಜ್ವರದಲ್ಲಿ, ರೋಗದಲ್ಲಿ, ಥಟ್ಟನೆ ಹಿಡಿಯುವ ತಲೆಯ ಗೊಂದಲ. ವೈದ್ಯರು ಡಿಲಿರಿಯಂ ಎನ್ನುವುದು ಹೆಚ್ಚುಕಡಿಮೆ ಇದನ್ನೇ. ಅರಳುಮರಳು ವರ್ಷಗಟ್ಟಲೆ ನಿಧಾನಕ್ಕೆ ಬರುವಂಥದ್ದು. ನಾವು ಎರಡನ್ನೂ ಕಲಸಿಬಿಟ್ಟಿದ್ದೇವೆ. ಆಸ್ಪತ್ರೆಯ ಮಂಚದಲ್ಲಿ ಅಪ್ಪ ನಡುರಾತ್ರಿ ಎದ್ದು "ಗದ್ದೆಗೆ ನೀರು ಬಿಡಬೇಕು, ಬಾಗಿಲು ತೆಗೆ" ಎಂದರೆ ಅರುವತ್ತಕ್ಕೆ ಅರಳುಮರಳು ಎಂದು ನಕ್ಕು ಸುಮ್ಮನಾಗುತ್ತೇವೆ. ನಿನ್ನೆ ಇಲ್ಲದ್ದು ಇಂದು ಬಂದಿದ್ದರೆ ಅದು ಅರಳುಮರಳಲ್ಲ. ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದದ್ದು, ಮೂತ್ರ ಕಟ್ಟಿದ್ದು, ನಿದ್ದೆ ಮಾತ್ರೆ, ನೋವು, ನಿದ್ದೆಗೇಡು, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ವೈದ್ಯರಿಗೆ ಆಗಿಂದಾಗಲೇ ಹೇಳಬೇಕು. ಕೂಗಾಡುವ ಸನ್ನಿ ಎಲ್ಲರಿಗೂ ಕಾಣುತ್ತದೆ. ಇನ್ನೊಂದು ಸದ್ದಿಲ್ಲದ ಸನ್ನಿ ಇದೆ: ಕಣ್ಣು ಬಿಟ್ಟು ಸೂರನ್ನು ನೋಡುತ್ತಾ, ಮಾತಿಲ್ಲದೆ, ಊಟ ಬೇಡವೆನ್ನುತ್ತಾ ಮಲಗಿರುವುದು. ಅದನ್ನು ನೋಡಿ "ಪಾಪ, ಇವತ್ತು ಆರಾಮವಾಗಿದ್ದಾರೆ" ಎಂದುಕೊಳ್ಳುತ್ತೇವೆ. ತಪ್ಪಿಹೋಗುವುದು ಹೆಚ್ಚಾಗಿ ಇದೇ.

ಅಮೆರಿಕದ ನ್ಯಾಶ್‌ವಿಲ್ ನಗರದ ವೈದ್ಯರು ತೀವ್ರ ನಿಗಾ ಘಟಕಕ್ಕೆ ಸೇರಿದ 821 ರೋಗಿಗಳನ್ನು ಹಿಂಬಾಲಿಸಿ 2013ರಲ್ಲಿ ವರದಿ ಕೊಟ್ಟರು. ಆಸ್ಪತ್ರೆಯಲ್ಲಿದ್ದಾಗ ನಾಲ್ವರಲ್ಲಿ ಮೂವರಿಗೆ ಈ ಸನ್ನಿ ಬಂದಿತ್ತು. ಬದುಕಿ ಮನೆಗೆ ಹೋದವರನ್ನು ಮೂರು ತಿಂಗಳ ಬಳಿಕ ಪರೀಕ್ಷಿಸಿದರೆ, ಹತ್ತರಲ್ಲಿ ನಾಲ್ವರ ನೆನಪು ಮತ್ತು ಲೆಕ್ಕಾಚಾರದ ಅಂಕಗಳು ತಲೆಗೆ ಮಧ್ಯಮ ಪೆಟ್ಟು ಬಿದ್ದವರ ಮಟ್ಟದಲ್ಲಿದ್ದವು. ನಾಲ್ವರಲ್ಲಿ ಒಬ್ಬರದು ಅಲ್ಝೈಮರ್ಸ್‌ನ ಆರಂಭದವರ ಮಟ್ಟದಲ್ಲಿತ್ತು. ಸೇರುವ ಮೊದಲು ಇಂಥ ತೊಂದರೆ ಇದ್ದವರು ಶೇ. 6 ಮಾತ್ರ. ವರ್ಷ ಕಳೆದರೂ ಬಹಳ ಮಂದಿಗೆ ಪೂರ್ತಿ ಸರಿಯಾಗಿರಲಿಲ್ಲ. ಮುದುಕರಿಗಷ್ಟೇ ಆದದ್ದೂ ಅಲ್ಲ, ನಡುವಯಸ್ಸಿನವರಿಗೂ ಆಗಿತ್ತು. ಸನ್ನಿ ಹೆಚ್ಚು ದಿನ ಇದ್ದವರಿಗೆ ಹಾನಿ ಹೆಚ್ಚು. ಇದಕ್ಕೆಲ್ಲ ಸೇರಿಸಿ ವೈದ್ಯರು ಐಸಿಯು ನಂತರದ ಸಿಂಡ್ರೋಮ್ ಎಂದು ಹೆಸರಿಟ್ಟಿದ್ದಾರೆ. ಕೊರೋನಾದ ಎರಡನೆಯ ಅಲೆಯಲ್ಲಿ ಐಸಿಯು ಕಂಡು ಬಂದ ನಮ್ಮೂರಿನವರನ್ನು ನೆನೆದರೆ ನಿಮಗೆ ಇದು ಚೆನ್ನಾಗಿ ಅರ್ಥವಾದೀತು.

ಇದಕ್ಕೆ ಮದ್ದು ಇದೆಯೇ? ಮಾತ್ರೆಯ ಮದ್ದು ಇಲ್ಲ, ಬೇರೆ ಇದೆ. ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಶ್ಯಾರನ್ ಇನೂಯೆ ಅವರ ತಂಡ 70 ದಾಟಿದ 852 ರೋಗಿಗಳಲ್ಲಿ ಒಂದು ಪ್ರಯೋಗ ಮಾಡಿ 1999ರಲ್ಲಿ ಪ್ರಕಟಿಸಿತು. ಮಾಡಿದ್ದು ಇಷ್ಟೇ: ಕನ್ನಡಕ ಕೊಟ್ಟರು, ಕಿವಿಯ ಯಂತ್ರ ಹಾಕಿದರು, ನೀರು ಕುಡಿಸಿದರು, ದಿನಕ್ಕೆ ಕೆಲವು ಸಲ ನಡೆಸಿದರು, ರಾತ್ರಿ ನಿದ್ದೆ ಮಾತ್ರೆಯ ಬದಲು ಬೆಚ್ಚಗಿನ ಹಾಲು ಕೊಟ್ಟು ಬೆನ್ನು ಸವರಿದರು, ಇವತ್ತು ಯಾವ ವಾರ, ನೀವು ಎಲ್ಲಿದ್ದೀರಿ, ನಾನು ಯಾರು ಎಂದು ಮಾತಾಡಿಸುತ್ತಿದ್ದರು. ಸನ್ನಿ ಹಿಡಿದವರ ಪ್ರಮಾಣ ಶೇ. 15ರಿಂದ ಶೇ. 9.9ಕ್ಕೆ ಇಳಿಯಿತು. ಯಾರಾದರೂ ಮಾಡಬಹುದಾದ ಕೆಲಸ, ನಮ್ಮ ಊರಿನ ಆಸ್ಪತ್ರೆಯಲ್ಲಿ ರೋಗಿಯ ಜೊತೆ ನಿಲ್ಲುವ ಅತ್ತಿಗೆ, ಭಾವ ಮಾಡುತ್ತಲೇ ಬಂದ ಕೆಲಸ. ಈ ವಿಷಯದಲ್ಲಿ ಶುಗರ್ ಲ್ಯಾಂಡ್‌ಗಿಂತ ಮಂಗಳೂರು ಒಂದು ಹೆಜ್ಜೆ ಮುಂದಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ, ಜೊತೆಗೆ ನಿಂತವರು ರೋಗಿಯನ್ನು ಮಲಗಿಸಿಯೇ ಇಡದಿದ್ದರೆ.

ಶುಗರ್ ಲ್ಯಾಂಡ್‌ನ ಆ ಮಂಚದ ಹತ್ತಿರ ಒಮ್ಮೆ ಮರಳಿ ಬನ್ನಿ. ನರ್ಸ್ ಬಂದು ಇಂಗ್ಲಿಷಿನಲ್ಲಿ ಕೇಳುತ್ತಾಳೆ: ಇದು ಯಾವ ವರ್ಷ, ಈ ಜಾಗ ಯಾವುದು? ಆ ಉಚ್ಚಾರ ಅರ್ಥವಾಗದ ಹಿರಿಯರು ಸುಮ್ಮನೆ ತಲೆಯಾಡಿಸುತ್ತಾರೆ. ಅವರಿಗೆ ಸನ್ನಿಯೋ ಅಥವಾ ಬರೀ ಇಂಗ್ಲಿಷ್ ತೊಂದರೆಯೋ, ಯಾರು ಹೇಳಬೇಕು? ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ಬಿಟ್ಟಿಯಾಗಿ ದುಭಾಷಿಯನ್ನು ಒದಗಿಸಬೇಕೆಂದು ಅಮೆರಿಕದ ಕಾನೂನಿದೆ, ಫೋನಿನಲ್ಲಾದರೂ ವಿಡಿಯೊದಲ್ಲಾದರೂ. ನಿಮ್ಮ ತಂಗಿಗೆ ಹೇಳಿ: ಸೇರಿಸಿದ ದಿನವೇ "ಕನ್ನಡ" ಎಂದು ಬರೆಸಲಿ. ಹಿಂದಿ ಎಂದು ಬರೆದು ಬಿಡುವ ಅಭ್ಯಾಸ ಅಲ್ಲಿಯೂ ಇದೆ, ನಮ್ಮ ಕುಂದಾಪುರದ ಅಜ್ಜಿಗೆ ಹಿಂದಿಯೂ ಇಂಗ್ಲಿಷೂ ಒಂದೇ.

ದೂರ ಇರುವ ನಮ್ಮಿಂದಲೂ ಒಂದು ಕೆಲಸ ಆಗುತ್ತದೆ. ಫ್ಲಾರಿಡಾದಲ್ಲಿ ಐಸಿಯು ರೋಗಿಗಳಿಗೆ ಮನೆಯವರ ಧ್ವನಿಯಲ್ಲೇ ರೆಕಾರ್ಡ್ ಮಾಡಿದ ಚಿಕ್ಕ ಸಂದೇಶಗಳನ್ನು ಹಗಲು ಹೊತ್ತು ಕೇಳಿಸಿ ನೋಡಿದರು. ಅಪರಿಚಿತರ ಧ್ವನಿ ಕೇಳಿದವರಿಗಿಂತ, ಏನನ್ನೂ ಕೇಳದವರಿಗಿಂತ, ಮನೆಯವರ ಧ್ವನಿ ಕೇಳಿದವರು ಸನ್ನಿಯಿಲ್ಲದ ದಿನಗಳನ್ನು ಹೆಚ್ಚು ಕಂಡರು. ಮೂವತ್ತೇ ಮಂದಿಯ ಸಣ್ಣ ಅಧ್ಯಯನ, ಅದನ್ನೇ ವೇದವಾಕ್ಯ ಮಾಡಬೇಕಾಗಿಲ್ಲ. ಖರ್ಚಿಲ್ಲದ ಕೆಲಸವಾದ್ದರಿಂದ ಮಾಡಿ ನೋಡಬಹುದು. ವಿಡಿಯೊ ಕಾಲ್ ಮಾಡಿ ಅಳುವುದಕ್ಕಿಂತ, ಎರಡು ನಿಮಿಷದ ವಾಯ್ಸ್ ಕಳುಹಿಸಿ: "ಅಪ್ಪಾ, ನಾನು ಸುರೇಶ, ದುಬೈಯಿಂದ. ನೀವು ಶುಗರ್ ಲ್ಯಾಂಡ್ ಆಸ್ಪತ್ರೆಯಲ್ಲಿದ್ದೀರಿ. ಇವತ್ತು ಗುರುವಾರ. ಉಸಿರಿಗೆ ಕೊಳವೆ ಹಾಕಿದ್ದಾರೆ, ಎಳೆಯಬೇಡಿ. ಅಕ್ಕ ಸಂಜೆ ಬರುತ್ತಾಳೆ." ಹೆಸರು ಮಾತ್ರ ನಿಮ್ಮದು ಹಾಕಿಕೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಕೈಯಲ್ಲಿರುವುದು ಒಂದೇ ನಾಣ್ಯ, ಅದು ರಜೆ. ಯುಎಇಯಲ್ಲಿ ವರ್ಷಕ್ಕೆ 30 ದಿನ, ಸೌದಿಯಲ್ಲಿ 21, ಒಂದೇ ಕಡೆ ಐದು ವರ್ಷ ದುಡಿದರೆ 30. ಬಹಳ ಮಂದಿಗೆ ಅದೂ ಎರಡು ವರ್ಷಕ್ಕೊಮ್ಮೆ. ಈ ನಾಣ್ಯವನ್ನು ನಾವು ಖರ್ಚು ಮಾಡುವುದು ಮೊದಲ ಫೋನಿಗೆ. ಓಡಿ ಹೋಗಿ ಐಸಿಯು ಹೊರಗಿನ ಬೆಂಚಿನಲ್ಲಿ ಕೂರುತ್ತೇವೆ, ದಿನಕ್ಕೆ ಹತ್ತು ನಿಮಿಷ ಗಾಜಿನಾಚೆಯಿಂದ ನೋಡುತ್ತೇವೆ, ಬಿಲ್ ಕಟ್ಟುತ್ತೇವೆ. ಮನೆಗೆ ಕರೆತಂದು ನಾಲ್ಕು ದಿನಕ್ಕೆ ನಮ್ಮ ವಿಮಾನ. ಅಪ್ಪನಿಗೆ ಮಗ ಬೇಕಾಗಿದ್ದ ದಿನಗಳು ಶುರುವಾಗುವ ಹೊತ್ತಿಗೆ ಮಗ ಹೊರಟಿರುತ್ತಾನೆ.

ಹಾರ್ಲನ್ ಕ್ರಮ್‌ಹೋಲ್ಜ್ ಎಂಬ ಹೃದಯ ತಜ್ಞರು 2013ರಲ್ಲಿ ಇದಕ್ಕೊಂದು ಹೆಸರು ಕೊಟ್ಟರು, ಆಸ್ಪತ್ರೆ ನಂತರದ ಸಿಂಡ್ರೋಮ್ ಎಂದು. ಅಮೆರಿಕದ ಮೆಡಿಕೇರ್ ರೋಗಿಗಳಲ್ಲಿ ಸುಮಾರು ಐದರಲ್ಲಿ ಒಬ್ಬರು ಡಿಸ್ಚಾರ್ಜ್ ಆದ 30 ದಿನದೊಳಗೆ ಮರಳಿ ಆಸ್ಪತ್ರೆ ಸೇರುತ್ತಿದ್ದರು, ಅದೂ ಬಹಳ ಸಲ ಮೊದಲಿನ ರೋಗಕ್ಕಲ್ಲ: ಬಿದ್ದು, ಬೇರೆ ಸೋಂಕು ತಗುಲಿ, ಮಾತ್ರೆ ತಪ್ಪಿ. ನಿದ್ದೆಗೆಟ್ಟು, ಊಟಬಿಟ್ಟು, ಮಲಗಿ ಸೋತ ಶರೀರ ಆ ಒಂದು ತಿಂಗಳು ಯಾವುದಕ್ಕೂ ತಡೆಯುವುದಿಲ್ಲ ಎಂಬುದು ಅವರ ವಿವರಣೆ. ಆ ಮೂವತ್ತು ದಿನ, ನಮ್ಮ ರಜೆಯ ಮೂವತ್ತು ದಿನ. ಲೆಕ್ಕ ಕೂಡುತ್ತದೆ ನೋಡಿ.

ಪ್ರಾಣಕ್ಕೇ ಅಪಾಯ ಎಂದು ವೈದ್ಯರು ಹೇಳಿದರೆ ಯಾವ ಲೆಕ್ಕವೂ ಬೇಡ, ಹೊರಡಿ. ಮುಖ ನೋಡಲಿಲ್ಲ ಎಂಬ ಕೊರಗು ಜೀವಮಾನವಿಡೀ ಇರುತ್ತದೆ. ಅಷ್ಟು ಗಂಭೀರವಲ್ಲದಾಗ, ಊರಿನಲ್ಲಿ ಓಡಾಡಲು ಜನರಿದ್ದಾಗ, ಟಿಕೆಟನ್ನು ಡಿಸ್ಚಾರ್ಜ್ ದಿನಕ್ಕೆ ಹೊಂದಿಸಿ. ಒಡಹುಟ್ಟಿದವರಿದ್ದರೆ ಪಾಲು ಮಾಡಿಕೊಳ್ಳಿ: ಒಬ್ಬರು ಆಸ್ಪತ್ರೆಗೆ, ಒಬ್ಬರು ಮನೆಗೆ. ಅಮೆರಿಕದಲ್ಲಿರುವ ಅಕ್ಕನಿಗೂ ದಾರಿಯಿದೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯಲ್ಲಿ ವರ್ಷವಾದರೂ ದುಡಿದವರಿಗೆ ತಂದೆ ತಾಯಿಯ ಆರೈಕೆಗೆ 12 ವಾರದ ತನಕ ಸಂಬಳವಿಲ್ಲದ ರಜೆಯ ಹಕ್ಕನ್ನು ಅಲ್ಲಿನ ಕಾನೂನು ಕೊಡುತ್ತದೆ. ವಿಸಿಟರ್ ವೀಸಾದವರಿಗೆ ಮೆಡಿಕೇರ್ ಇಲ್ಲ, ಕೊಂಡ ಟ್ರಾವೆಲ್ ಇನ್ಶೂರೆನ್ಸ್ ಆಸ್ಪತ್ರೆಯ ಬಿಲ್ ಕೊಟ್ಟರೂ ನಂತರದ ಫಿಸಿಯೋಥೆರಪಿಗೆ ಹಿಂದೇಟು ಹಾಕಬಹುದು. ಪಾಲಿಸಿ ಕೊಳ್ಳುವಾಗಲೇ ಆ ಸಾಲನ್ನು ಓದಿಸಿಕೊಳ್ಳಿ. ಡಿಸ್ಚಾರ್ಜ್ ಆದ ವಾರಕ್ಕೇ ಊರಿಗೆ ಕಳುಹಿಸುವ ಆತುರವೂ ಬೇಡ. ಹ್ಯೂಸ್ಟನ್‌ನಿಂದ ಕೊಲ್ಲಿಗೇ ಸುಮಾರು 15 ಗಂಟೆ, ಮತ್ತೆ ಮಂಗಳೂರು.

ಮನೆಯಲ್ಲಿ ಕೂತು ಏನು ಮಾಡಬೇಕು? ಮೊದಲನೆಯದಾಗಿ ಕೂರಬಾರದು. ಮೂಳೆ ಮುರಿತ, ಹೃದಯದ ಆಪರೇಷನ್ ಇದ್ದವರಿಗೆ ಎಷ್ಟು ನಡಿಗೆ ಎಂದು ಡಿಸ್ಚಾರ್ಜ್ ಮಾಡುವ ವೈದ್ಯರ ಬಾಯಿಂದಲೇ ಹೇಳಿಸಿಕೊಂಡು ಬನ್ನಿ, ಫಿಸಿಯೋದವರನ್ನು ಕೇಳಿ ಪಡೆಯಿರಿ. ಕೇಳದಿದ್ದರೆ ಎಷ್ಟೋ ಕಡೆ ಕೊಡುವುದಿಲ್ಲ. ಉಳಿದವರನ್ನು ಊಟಕ್ಕೆ ಮಂಚದಿಂದ ಎಬ್ಬಿಸಿ, ಕುರ್ಚಿಯಲ್ಲಿ ಕೂರಿಸಿ. ಕುರ್ಚಿಯಿಂದ ಕೈಯೂರದೆ ಏಳುವ ಅಭ್ಯಾಸ, ಬೆಳಿಗ್ಗೆ ಐದು ಸಲ, ಸಂಜೆ ಐದು ಸಲ, ನೀವು ಪಕ್ಕದಲ್ಲಿ ನಿಂತು. ಅಂಗಳದ ತುಳಸಿಕಟ್ಟೆಯ ತನಕ ಇವತ್ತು, ಗೇಟಿನ ತನಕ ನಾಡಿದ್ದು, ಮುಂದಿನ ವಾರ ಅಂಗಡಿ. ಊರಿನ ಕೂರುವ ಪಾಯಿಖಾನೆ ಆ ತಿಂಗಳು ಬೇಡ, ಕಮೋಡ್ ಕುರ್ಚಿ ತನ್ನಿ. ಬಚ್ಚಲಿಗೆ ಹಿಡಿಕೆ, ರಾತ್ರಿಗೆ ದೀಪ. ಬರೀ ಗಂಜಿಯಲ್ಲಿ ಮಾಂಸಖಂಡ ಬೆಳೆಯುವುದಿಲ್ಲ. ಮೊಟ್ಟೆ, ಬಂಗುಡೆ, ಮೊಸರು, ಹೆಸರುಕಾಳು, ಯಾವುದು ಒಗ್ಗುತ್ತದೋ ಅದು. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ. ಹಳೆಯ ಮಾತ್ರೆ, ಹೊಸ ಮಾತ್ರೆ ಎರಡನ್ನೂ ಮೇಜಿನ ಮೇಲೆ ಹರಡಿ ವೈದ್ಯರಿಗೆ ತೋರಿಸಿ. ಒಂದೇ ಔಷಧಿ ಎರಡು ಕಂಪನಿಯ ಹೆಸರಲ್ಲಿ ಎರಡು ಸಲ ನುಂಗುವುದು ಬಹಳ ಸಾಮಾನ್ಯ. ನಿದ್ದೆ ಮಾತ್ರೆ ಮುಂದುವರಿಸಬೇಕೇ ಎಂದು ಪ್ರತ್ಯೇಕವಾಗಿ ಕೇಳಿ.

ತಲೆಗೂ ನಡಿಗೆ ಬೇಕು. ಪೇಪರ್ ಓದಿಸಿ, ಹಾಲಿನ ಲೆಕ್ಕ ಅವರಿಂದಲೇ ಬರೆಸಿ, ಯಕ್ಷಗಾನದ ಮಾತು ತೆಗೆಯಿರಿ. ಐಸಿಯುನಲ್ಲಿ ಕಂಡ ಭಯಾನಕ ಕನಸುಗಳನ್ನು ಕೆಲವರು ನಿಜವೆಂದೇ ನಂಬಿರುತ್ತಾರೆ, ಹೇಳಲು ನಾಚುತ್ತಾರೆ. ಯಾವ ದಿನ ಏನಾಯಿತು ಎಂದು ನೀವೊಂದು ಪುಸ್ತಕದಲ್ಲಿ ಬರೆದಿಟ್ಟು ಓದಿ ಹೇಳಿದರೆ ಅವರಿಗೆ ಕಳೆದುಹೋದ ದಿನಗಳು ಸಿಗುತ್ತವೆ. ಯುರೋಪಿನ ಎಷ್ಟೋ ಆಸ್ಪತ್ರೆಗಳಲ್ಲಿ ನರ್ಸ್‌ಗಳೇ ಇಂಥ ಡೈರಿ ಬರೆಯುತ್ತಾರೆ.

ಮುಗಿಸುವ ಮೊದಲು ನಮ್ಮದೇ ಮಾತು. ಡಲ್ಲಾಸ್‌ನ ಆ ಐವರು ಮುದುಕರಾಗಿರಲಿಲ್ಲ, ನಮ್ಮ ಕ್ಯಾಂಪಿನ ಹುಡುಗರ ವಯಸ್ಸಿನವರು. ಅಪೆಂಡಿಕ್ಸ್ ಆಪರೇಷನ್ನೋ ಡೆಂಗಿಯೋ ಆಗಿ ಹತ್ತು ದಿನ ಮಲಗಿದವನು ಹನ್ನೊಂದನೆಯ ದಿನ ಸೈಟಿಗೆ ಹೋಗಿ ಬಿಸಿಲಿಗೆ ನಿಂತರೆ ಬೀಳುತ್ತಾನೆ. ರಕ್ತದ ನೀರು ಇಳಿದ ಶರೀರಕ್ಕೆ ಸೆಖೆ ತಡೆಯುವ ಶಕ್ತಿಯೂ ಇಳಿದಿರುತ್ತದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರ ವರೆಗೆ ಬಿಸಿಲ ಕೆಲಸ ನಿಷೇಧವಿದ್ದರೂ ಹನ್ನೊಂದು ಗಂಟೆಯ ಬಿಸಿಲು ಕಡಿಮೆಯೇ? ಪ್ರೊಬೇಷನ್ ಮುಗಿದವರಿಗೆ ಅಲ್ಲಿ ವರ್ಷಕ್ಕೆ 90 ದಿನದ ಸಿಕ್ ಲೀವ್ ಇದೆ: 15 ದಿನ ಪೂರ್ತಿ ಸಂಬಳ, 30 ದಿನ ಅರ್ಧ, 45 ದಿನ ಸಂಬಳವಿಲ್ಲದೆ. ಕಾಯಿಲೆಯ ಸುದ್ದಿಯನ್ನು ಮೂರು ಕೆಲಸದ ದಿನದೊಳಗೆ ಕಂಪನಿಗೆ ತಿಳಿಸಿ, ವೈದ್ಯರ ಪತ್ರ ಕೊಡಬೇಕು. ಸೌದಿಯಲ್ಲಿ 30 ದಿನ ಪೂರ್ತಿ, ಮುಂದಿನ 60 ದಿನ ಮುಕ್ಕಾಲು ಸಂಬಳ, ಆಮೇಲೆ 30 ದಿನ ಸಂಬಳವಿಲ್ಲದೆ. ಡಿಸ್ಚಾರ್ಜ್ ಪತ್ರದಲ್ಲಿ ಎಷ್ಟು ದಿನ ವಿಶ್ರಾಂತಿ, ಬಳಿಕ ಎಷ್ಟು ದಿನ ಹಗುರ ಕೆಲಸ ಎಂದು ಬರೆಸಿಕೊಂಡೇ ಹೊರಗೆ ಬನ್ನಿ.

ನಿಮ್ಮ ರೂಮಿಗೆ ಹಾಗೆ ಒಬ್ಬ ಮರಳಿ ಬಂದರೆ, ಅವನ ಮೇಲಿನ ಬಂಕ್ ನೀವು ತೆಗೆದುಕೊಂಡು ಕೆಳಗಿನದನ್ನು ಅವನಿಗೆ ಬಿಟ್ಟುಕೊಡಿ. ಊಟ ಮಂಚಕ್ಕೆ ತಂದುಕೊಡಬೇಡಿ, ಮೆಸ್‌ಗೆ ಕರೆದುಕೊಂಡು ಹೋಗಿ. ಬಿಸಿಲು ಇಳಿದ ಮೇಲೆ ಜೊತೆಗೆ ಕ್ಯಾಂಪಿನ ಗೇಟಿನ ತನಕ ನಡೆದು ಬನ್ನಿ. ಮೊದಲ ದಿನಕ್ಕೆ ಅಷ್ಟು ಸಾಕು.